ಬಂದೂಕಿಗೆ ಮರ ಹಾಕಿದ ಮೌನಾಚಾರಿ

ಈ ಮನುಷ್ಯನಿಗೆ ಮೌನಾಚಾರಿ ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ, ಎದುರಿಗೆ ಸಿಕ್ಕಿದ್ದರೆ ಎರಡು ಮಾತು ಕೇಳಿಯೇ ಬಿಡುತ್ತಿದ್ದೆ. ನ್ಯಾಮತಿಯಲ್ಲಿ ಅವರ ಬಡಗಿ ಅಂಗಡಿಗೂ ನನ್ನ ಮಂಡಕ್ಕಿ ಮೆಣಸಿನಕಾಯಿ ಅಂಗಡಿಗೂ ನಡುವೆ ಇರುವುದು ಒಂದೇ ಒಂದು ತಗಡು. ಆ ತಗಡಿನ ಆಚೆ ಬೆಳಿಗ್ಗೆ ಶುರುವಾದ ಮಾತು ಸಂಜೆ ನಾನು ಒಲೆ ಆರಿಸುವ ತನಕ ನಿಲ್ಲುತ್ತಿರಲಿಲ್ಲ. ಗರಗಸದ ಜೊತೆ ಮಾತು, ಉಳಿಯ ಜೊತೆ ಜಗಳ, ಬಂದ ಗಿರಾಕಿಗೆ ಬುದ್ಧಿವಾದ. ಯಾರೂ ಸಿಗದಿದ್ದರೆ ತಗಡಿಗೆ ಕೊಡತಿಯಿಂದ ಬಡಿದು, "ಹೇಮಕ್ಕ, ಕೇಳಿದ್ರಾ?" ಎಂದು ನನ್ನನ್ನೇ ಹಿಡಿಯುವುದು. ನಾನು ಕೇಳಿಲ್ಲ ಎಂದರೂ ಹೇಳುವುದು, ಕೇಳಿದ್ದೇನೆ ಎಂದರೂ ಹೇಳುವುದು. "ಆಚಾರ್ರೇ, ಎಷ್ಟೋ ಬಾಗಿಲಿಗೆ ಚಿಲಕ ಹಾಕೀರಿ, ನಿಮ್ಮ ಬಾಯಿಗೂ ಒಂದು ಹಾಕ್ಕಳ್ರೀ. ನನ್ನ ಎಣ್ಣೆ ಸೀದು ಹೋಗ್ತೈತೆ" ಎಂದು ಎಷ್ಟು ಸಲ ಗದರಿದ್ದೇನೋ ಲೆಕ್ಕವಿಲ್ಲ. ನಗುತ್ತಿದ್ದರು. ಮತ್ತೆ ಶುರು.

ಹುಟ್ಟಿದ್ದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ. ಅಪ್ಪ ಊರಿನ ರೈತರಿಗೆ ಕುಂಟೆ, ಕೂರಿಗೆ ಮಾಡಿಕೊಡುತ್ತಿದ್ದ ಬಡಗಿ. ಮಕ್ಕಳು ಇಬ್ಬರೇ, ಇವರು ಮತ್ತು ತಂಗಿ ಕಾಳಮ್ಮ. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಇವರು ಸೈನ್ಯಕ್ಕೆ ಸೇರಿದರು. ಹೋರಾಡುವುದಕ್ಕಲ್ಲ, ಬಡಗಿ ಕೆಲಸಕ್ಕೆ. ಬಂದೂಕಿನಲ್ಲಿ ಭುಜಕ್ಕೆ ಒತ್ತಿ ಹಿಡಿಯುವ ಮರದ ಭಾಗ ಇರುತ್ತದಲ್ಲ, ಅದಕ್ಕೆ ಸೈನ್ಯದವರು ಕುಂದಾ ಎನ್ನುತ್ತಾರಂತೆ. ನಮ್ಮ ಆಚಾರಿಯ ಬಾಯಲ್ಲಿ ಅದು ಕುಂದ. ಒಡೆದ ಕುಂದ ಬಿಚ್ಚುವುದು, ಹೊಸ ಮರ ಕೆತ್ತಿ ಕೂರಿಸುವುದು, ಎಣ್ಣೆ ತಿಕ್ಕುವುದು, ಇದೇ ಅವರ ದೇಶಸೇವೆ. "ಯುದ್ಧ ನೋಡೀರಾ ಆಚಾರ್ರೇ?" ಎಂದು ನನ್ನ ಅಂಗಡಿಗೆ ಬಂದ ಹುಡುಗರು ಕೆಣಕುತ್ತಿದ್ದರು. "ನಾನು ನೋಡಿದ್ದು ಮುರಿದ ಬಂದೂಕು. ಅದ್ನ ನೋಡಿದ್ರೆ ಯುದ್ಧ ಹೆಂಗಿತ್ತು ಅಂತ ಗೊತ್ತಾಗ್ತೈತೆ" ಎನ್ನುತ್ತಿದ್ದರು. ಆಮೇಲೆ ಸೈನ್ಯಕ್ಕೆ ಪ್ಲಾಸ್ಟಿಕ್ ಹಿಡಿಯ ಬಂದೂಕುಗಳು ಬಂದವು, ಮರದ ಕೆಲಸ ಕಡಿಮೆಯಾಯಿತು. ಪಿಂಚಣಿ ತೆಗೆದುಕೊಂಡು ನ್ಯಾಮತಿಗೆ ಬಂದು ಬಾಗಿಲು, ಕಿಟಕಿ, ಮಂಚದ ಅಂಗಡಿ ಇಟ್ಟರು. ಹೆಂಡತಿ ಅಷ್ಟು ಹೊತ್ತಿಗೆ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ.

ಅವರಿಗೆ ಇದ್ದವರು ಎಂದರೆ ತಂಗಿ ಕಾಳಮ್ಮ, ಆಕೆಯ ಮಗ ವಿನಯ್ ಕುಮಾರ್. ಕಾಳಮ್ಮನನ್ನು ಚನ್ನಗಿರಿ ಕಡೆ, ಸೂಳೆಕೆರೆ ದಂಡೆಯ ಒಂದು ಊರಿನ ಕಮ್ಮಾರರ ಮನೆಗೆ ಕೊಟ್ಟಿತ್ತು. ಶಾಲೆಗೆ ರಜೆ ಬಂತೆಂದರೆ ವಿನಯ ಮಾವನ ಅಂಗಡಿಯಲ್ಲಿ. ಉಳಿ ಹಿಡಿಯುವುದಕ್ಕಿಂತ ನನ್ನ ಅಂಗಡಿಯ ಮೆಣಸಿನಕಾಯಿ ತಿನ್ನುವುದರಲ್ಲಿ ಚುರುಕು. "ಅತ್ತೆ, ಇನ್ನೊಂದು" ಎಂದು ತಗಡಿನ ಸಂದಿಯಲ್ಲಿ ಕೈ ಚಾಚುತ್ತಿದ್ದ. ಕೊಡದೆ ಇರಲು ಆಗುತ್ತಿರಲಿಲ್ಲ, ಅಂಥ ನಗು ಅವನದು.

ಪಿಯುಸಿ ಆದ ಮೇಲೆ ಅವನಿಗೆ ಮಿಲ್ಟ್ರಿ ಹುಚ್ಚು ಹತ್ತಿತು. ಹತ್ತಿಸಿದವರು ಯಾರೆಂದು ಬೇರೆ ಹೇಳಬೇಕೆ? ಕಾಳಮ್ಮ ಬಸ್ಸು ಹತ್ತಿ ನ್ಯಾಮತಿಗೆ ಬಂದು ಅಣ್ಣನ ಎದುರು ನಿಂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. "ಅಲ್ಲಿ ಕುಲುಮೆ ಐತೆ, ಇಲ್ಲಿ ನಿನ್ನ ಅಂಗಡಿ ಐತೆ. ಎರಡು ಕೆಲಸ ಕಾಯ್ಕಂಡು ಕುಂತಿರುವಾಗ ಮಿಲ್ಟ್ರಿ ಯಾಕಣ್ಣ ಅವ್ನಿಗೆ? ನೀನೊಂದು ಮಾತು ಬ್ಯಾಡ ಅಂದ್ರೆ ಕೇಳ್ತಾನೆ" ಎಂದಳು. ಆಚಾರಿ ಕೇಳಿಸಿಕೊಳ್ಳಲಿಲ್ಲ. "ನಾನು ಹೋಗಿ ಬಂದಿಲ್ವೇನವ್ವ? ನಂಗೇನಾತು? ಕಲ್ಲುಗುಂಡಿನಂಗೆ ಇದೀನಿ" ಎಂದು ಎದೆ ತಟ್ಟಿಕೊಂಡರು. ಆಮೇಲೆ ಬೆಳಿಗ್ಗೆ ಬೆಳಿಗ್ಗೆ ಗೋವಿನಕೋವಿ ಕಡೆಯ ರಸ್ತೆಯಲ್ಲಿ ಹುಡುಗ ಓಡುವುದು, ಹಿಂದೆ ಮಾವ ಲೂನಾದಲ್ಲಿ ಕೂಗುತ್ತಾ ಹೋಗುವುದು. ಸೈನ್ಯದ ಭರ್ತಿಗೆ ಕರೆದುಕೊಂಡು ಹೋದವರೂ ಅವರೇ. ಆಯ್ಕೆಯಾದ ದಿನ ಇಡೀ ರಸ್ತೆಗೆ ಪೇಡೆ ಹಂಚಿದರು.

ವಿನಯ ಯುದ್ಧದಲ್ಲಿ ಸಾಯಲಿಲ್ಲ. ಎಲ್ಲೋ ಉತ್ತರದ ಬೆಟ್ಟದ ರಸ್ತೆಯಲ್ಲಿ ಬಿದ್ದ ಕಲ್ಲು ಸರಿಸಲು ಹೋದವರ ಮೇಲೆ ಇನ್ನೊಂದು ಗುಡ್ಡ ಜಾರಿತು. ಪೆಟ್ಟಿಗೆ ಬಂತು. ತೆಗೆಯಬೇಡಿ ಎಂದರು, ತೆಗೆಯಲಿಲ್ಲ. ಊರೆಲ್ಲ ಸೇರಿತ್ತು, ನಾನೂ ಹೋಗಿದ್ದೆ. ಕಾಳಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕುಳಿತಿದ್ದಳು, ಅಳುತ್ತಲೂ ಇರಲಿಲ್ಲ. ಆಚಾರಿ ಹತ್ತಿರ ಹೋಗಿ "ತಂಗೀ" ಎಂದರು. ಆಕೆ ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ, "ನೀನು ಹೋಗಿ ಬಂದೆ. ನನ್ನ ಮಗ ಬರ್ಲಿಲ್ಲ. ಇನ್ನು ನನ್ನ ಮಾತಾಡಿಸ್ಬ್ಯಾಡ" ಎಂದಳು. ಅಷ್ಟೇ. ಆಮೇಲೆ ಆಕೆ ಅಣ್ಣನ ಜೊತೆ ಒಂದು ಮಾತೂ ಆಡಲಿಲ್ಲ.

ಒಂದು ಮಾತು ಎಂದರೆ ಒಂದು ಮಾತೂ ಇಲ್ಲ. ಆಚಾರಿ ನಾಗರಪಂಚಮಿಗೆ ಕುಬುಸದ ಬಟ್ಟೆ, ಕೊಬ್ಬರಿ, ಉಂಡೆ ಕಟ್ಟಿಸಿಕೊಂಡು ಹೋದರು. ಆಕೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಆಕೆಯ ಗಂಡ ಪಾಪದ ಮನುಷ್ಯ, ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟ. ದೀಪಾವಳಿಗೆ ಹೋದರು, ಅದೇ ಕಥೆ. ಫೋನು ಮಾಡಿದರೆ ಎತ್ತಿ, ದನಿ ಕೇಳಿ, ಇಟ್ಟುಬಿಡುತ್ತಿದ್ದಳು. ತಂಗಿ ಮಾತು ನಿಲ್ಲಿಸಿದ ಮೇಲೆ ಇವರೂ ಮಾತು ನಿಲ್ಲಿಸಿಬಿಟ್ಟರು. ತಗಡಿನ ಆಚೆ ಬರೀ ಗರಗಸದ ಸದ್ದು. ಮೊದಲು ಅವರ ಮಾತಿಗೆ ರೇಗುತ್ತಿದ್ದ ನಾನು ಈಗ ಅವರ ಮೌನಕ್ಕೆ ರೇಗತೊಡಗಿದೆ. "ಬದುಕಿದೀರೇನ್ರೀ ಆಚಾರ್ರೇ?" ಎಂದು ನಾನೇ ತಗಡು ಬಡಿಯುತ್ತಿದ್ದೆ. "ಹ್ಞೂಂ" ಎನ್ನುತ್ತಿದ್ದರು. ಮತ್ತೆ ಗರಗಸ.

ಹೀಗಿರುವಾಗ ಹೊನ್ನಾಳಿಯ ಮುತ್ತುರಾಜ್ ಒಂದು ದಿನ ಜೀಪು ತಂದು ನಿಲ್ಲಿಸಿದರು. ಅವರು ಸುಬೇದಾರ್ ಆಗಿ ನಿವೃತ್ತರಾದವರು, ಮಾಜಿ ಸೈನಿಕರ ಸಂಘ ನೋಡಿಕೊಳ್ಳುವವರು. ಕಂಬಳಿಯಲ್ಲಿ ಸುತ್ತಿದ್ದ ಉದ್ದನೆಯ ಗಂಟೊಂದನ್ನು ಆಚಾರಿಯ ಮೇಜಿನ ಮೇಲೆ ಮಲಗಿಸಿ ಬಿಚ್ಚಿದರು. ಹಳೆಯ ಕಾಲದ ತ್ರೀ ನಾಟ್ ತ್ರೀ ರೈಫಲ್. ನಳಿಗೆಗೆ ಬೆಸುಗೆ ಹಾಕಿ ಮುಚ್ಚಿತ್ತು, ಒಳಗಿನ ಯಂತ್ರ ತೆಗೆದಿತ್ತು. ಇನ್ನು ಯಾವ ಜನ್ಮಕ್ಕೂ ಗುಂಡು ಹಾರುವಂಥದ್ದಲ್ಲ. ಮರಕ್ಕಂತೂ ಹುಳ ಬಿದ್ದು, ಕುಂದ ಕುತ್ತಿಗೆಯ ಹತ್ತಿರ ಸೀಳಿ ಎರಡಾಗಿತ್ತು.

"ವಿನಯನ ಪಲ್ಟನ್ನಿನೋರು ಕಳಿಸ್ಯಾರೆ. ಅವ್ನು ಓದಿದ ಶಾಲೆ ಮುಂದೆ ಕಲ್ಲು ನಿಲ್ಲಿಸ್ತಿದೀವಿ. ಅದ್ರ ಮ್ಯಾಲೆ ಇದು ಇರ್ಬೇಕು. ಕಾಗದ ಪತ್ರ ಎಲ್ಲಾ ಆಗೈತೆ, ಠಾಣೆಗೂ ತಿಳಿಸೀವಿ. ಬೇರೆ ಬಡಗಿ ಹತ್ರ ಮಾಡಿಸಾಕೆ ನಂಗೆ ಮನಸ್ಸು ಬರ್ಲಿಲ್ಲ ಆಚಾರ್ರೇ" ಎಂದರು ಮುತ್ತುರಾಜ್.

ಆಚಾರಿ ಆ ಸೀಳಿದ ಜಾಗದ ಮೇಲೆ ಹೆಬ್ಬೆರಳಾಡಿಸಿ ನೋಡಿದರು. ಜೀಪು ಹೋದ ಮೇಲೆ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕುಳಿತರು. ಎಷ್ಟೋ ತಿಂಗಳ ಮೇಲೆ ಅವರಾಗಿಯೇ ಬಾಯಿ ಬಿಟ್ಟದ್ದು.

"ಹೇಮಕ್ಕ, ಕಲ್ಲು ನಿಲ್ಲಿಸೋ ದಿನ ಕಾಳವ್ವ ಬಂದೇ ಬರ್ತಾಳಲ್ವಾ? ನಾನು ಮಾಡಿದ್ದು ಅಂತ ಗೊತ್ತಾದ್ರೆ ಒಂದು ಮಾತು ಆಡ್ತಾಳಾ? ಬೈದ್ರೂ ಸಾಕು."

ನನಗೆ ಸಿಟ್ಟು ಬಂತು, ದುಃಖವೂ ಬಂತು. "ಮಗನ್ನ ಕಳ್ಕಂಡೋಳಿಗೆ ಬಂದೂಕು ತೋರಿಸಿ ಮಾತಾಡಿಸ್ತೀನಿ ಅಂತೀರಲ್ಲ, ನಿಮ್ಮ ತಲೆಗೇನು ಹೊಟ್ಟು ತುಂಬೈತಾ?" ಎಂದೆ. "ಮತ್ತೇನು ಮಾಡ್ಲಿ ಹೇಳ್ರೀ? ನಂಗೆ ಬರೋ ಕೆಲ್ಸ ಇದೊಂದೇ" ಎಂದರು. ಒಂದು ಲೋಟ ಚಹಾ ಮುಂದಿಟ್ಟೆ.

ಮಾರನೆಯ ದಿನವೇ ಸೊಕ್ಕೆಗೆ ಹೋಗಿ ಅಪ್ಪನ ಕಾಲದ ಒಂದು ಜಾಲಿ ತುಂಡು ತಂದರು. ಕೂರಿಗೆಯ ದಿಂಡಿಗೆಂದು ಅವರಪ್ಪ ಎತ್ತಿಟ್ಟಿದ್ದು, ಮಾಡುವ ಮೊದಲೇ ಅವರೇ ಹೋಗಿಬಿಟ್ಟಿದ್ದರಂತೆ. ಅಟ್ಟದ ಮೇಲೆ ಒಣಗಿ ಒಣಗಿ ಕಬ್ಬಿಣದ ಹಾಗೆ ಆಗಿತ್ತು. ಮುತ್ತುರಾಜ್ ನೋಡಲು ಬಂದವರು ಮೂಗು ಮುರಿದರು.

"ಮಿಲ್ಟ್ರಿ ರೈಫಲ್ಲಿಗೆ ಜಾಲಿ ಮರಾನಾ? ತೇಗ ಹಾಕ್ರೀ, ಸಂಘದಿಂದ ತರಿಸ್ತೀನಿ."

"ತೇಗ ನೋಡಾಕೆ ಚಂದ ಸುಬೇದಾರ್ರೇ, ಏಟು ಬಿದ್ರೆ ಸೀಳ್ತೈತೆ. ಇದು ಸೀಳಂಗಿಲ್ಲ" ಎಂದು ಆಚಾರಿ ಬಾಚಿ ಎತ್ತಿಕೊಂಡರು. ಮುತ್ತುರಾಜ್ ಎರಡು ಮಾತು ವಾದಿಸಿ, ನನ್ನ ಹತ್ತಿರ ಮೆಣಸಿನಕಾಯಿ ತಿಂದು ಹೋದರು.

ಆ ಕೆಲಸ ನಡೆದಷ್ಟು ಕಾಲ ನನಗೆ ವ್ಯಾಪಾರದ ಮೇಲೆ ಗಮನವೇ ಇರಲಿಲ್ಲ. ಹಳೆಯ ಕುಂದದ ತುಂಡುಗಳನ್ನು ಹಗ್ಗದಿಂದ ಬಿಗಿದು ಜೋಡಿಸಿ, ಜಾಲಿ ಹಲಗೆಯ ಮೇಲಿಟ್ಟು ಸುತ್ತ ಗೆರೆ ಎಳೆದರು. ಬಾಚಿಯಲ್ಲಿ ದಪ್ಪ ಕೆತ್ತಿದರು, ಆಮೇಲೆ ಉಳಿ, ಆಮೇಲೆ ಅರ. ಕಷ್ಟದ್ದು ಎಂದರೆ ಕಬ್ಬಿಣ ಮತ್ತು ಮರ ಕೂಡುವ ಜಾಗ. ಅಲ್ಲಿ ಕೂದಲು ತೂರುವಷ್ಟೂ ಸಂದಿ ಇರಬಾರದಂತೆ. ಅದಕ್ಕೆ ನನ್ನ ಬಾಣಲೆಯ ತಳದ ಮಸಿ ಬೇಕಾಯಿತು. ಮಸಿಯನ್ನು ಎಣ್ಣೆಯಲ್ಲಿ ಕಲಸಿ ಕಬ್ಬಿಣಕ್ಕೆ ಬಳಿಯುವುದು, ಮರಕ್ಕೆ ಒತ್ತುವುದು, ತೆಗೆದು ನೋಡುವುದು. ಮರದ ಮೇಲೆ ಎಲ್ಲಿ ಕಪ್ಪು ಅಂಟಿದೆಯೋ ಅಲ್ಲಿ ಮರ ಜಾಸ್ತಿ ಇದೆ ಎಂದು ಅರ್ಥ, ಅಲ್ಲಿ ಮಾತ್ರ ಒಂದು ಸಿಪ್ಪೆ ತೆಗೆಯುವುದು. ಮತ್ತೆ ಬಳಿ, ಮತ್ತೆ ಒತ್ತು, ಮತ್ತೆ ನೋಡು. ನಾನಾಗಿದ್ದರೆ ಬಂದೂಕನ್ನೂ ಮರವನ್ನೂ ರಸ್ತೆಗೆ ಎಸೆದುಬಿಡುತ್ತಿದ್ದೆ. ಆಚಾರಿಗೆ ಬೇಸರವೇ ಇಲ್ಲ. ಗಲ್ಲ, ಮೂಗು, ಹಣೆಗೆಲ್ಲ ಮಸಿ.

ಕೆತ್ತಲು ಶುರು ಮಾಡುವ ಮೊದಲು ಹಲಗೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ್ದೇ ನೋಡಿದ್ದು. "ಏನ್ರೀ ಅದು, ಹೆಣ್ಣು ನೋಡಿದಂಗೆ ನೋಡ್ತೀರಿ?" ಎಂದೆ. ಬುಡ ಯಾವ ಕಡೆ, ತಲೆ ಯಾವ ಕಡೆ ಎಂದು ನೋಡುತ್ತಿದ್ದಾರಂತೆ. ಮರ ನಿಂತಿದ್ದಾಗ ಯಾವುದು ಬುಡವೋ ಅದು ಕಡಿದು ಕೆತ್ತಿದ ಮೇಲೂ ಕೆಳಗೇ ಇರಬೇಕು, ತಲೆ ಮೇಲೇ ಇರಬೇಕು. ಕಂಬವಾಗಲಿ, ಬಾಗಿಲ ಚೌಕಟ್ಟಾಗಲಿ, ಮಂಚದ ಕಾಲಾಗಲಿ, ಅವರ ಮನೆತನದಲ್ಲಿ ಇದಕ್ಕೆ ತಪ್ಪಿ ನಡೆದವರಿಲ್ಲ. ತಪ್ಪಿದರೆ ಆ ಮನೆ ಏಳ್ಗೆಯಾಗುವುದಿಲ್ಲ ಎಂಬ ನಂಬಿಕೆ. ನನ್ನ ಅಂಗಡಿಯ ಬೆಂಚಿನ ಒಂದು ಕಾಲು ಹೀಗೆ ತಲೆಕೆಳಗಾಗಿದೆ ಎಂದು, ಗಿರಾಕಿಗಳನ್ನು ಎಬ್ಬಿಸಿ ಬೆಂಚನ್ನೇ ಹೊತ್ತುಕೊಂಡು ಹೋಗಿದ್ದ ಮನುಷ್ಯ ಇವರು. ಆವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

"ಸೈನ್ಯದಾಗೆ ಇದೆಲ್ಲ ನೋಡಾಕೆ ಬಿಡ್ತಿರಲಿಲ್ಲ ಹೇಮಕ್ಕ. ಕೊಯ್ದ ಮರ ಬರ್ತಿತ್ತು, ಕೆತ್ತಿ ಕೊಡ್ತಿದ್ವಿ. ಆದ್ರೆ ಇದು ನಮ್ಮ ಹುಡುಗಂದು. ಶಾಸ್ತ್ರ ಬಿಡಾಕಾಗಲ್ಲ. ಬಂದೂಕು ನೆಲಕ್ಕೆ ಊರೋದು ಕುಂದದ ಮ್ಯಾಲೆ ತಾನೆ? ಬುಡ ಕುಂದದ ಕಡೆಗೇ ಬರ್ಲಿ" ಎಂದು, ಆ ತುದಿಗೆ ಒಂದು ಅರಿಶಿನದ ಬೊಟ್ಟಿಟ್ಟರು. ನನಗೂ ಅದು ಸರಿಯೆನಿಸಿತು. ಸಿಪಾಯಿಗಳು ಸಾಲಾಗಿ ನಿಂತಾಗ ಬಂದೂಕಿನ ಕುಂದ ಕಾಲ ಬಳಿ ನೆಲಕ್ಕೆ ತಾಗಿರುತ್ತದಲ್ಲ.

ಇನ್ನೊಂದು ದಿನ ಮಸಿ ಕೊಡಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಆಚಾರಿ ಗೋಡೆಯ ಮೊಳೆಯಲ್ಲಿದ್ದ ಒಂದು ಹಳೆಯ ಅಂಗಿಯನ್ನು ಮೇಜಿನ ಮೇಲೆ ಹರಡಿ, ಅದರ ತೋಳಿನ ಉದ್ದಕ್ಕೂ ಅರ್ಧ ಕೆತ್ತಿದ ಕುಂದವನ್ನಿಟ್ಟು ಅಳತೆ ನೋಡುತ್ತಿದ್ದರು. ವಿನಯ ಬಿಟ್ಟು ಹೋಗಿದ್ದ ಅಂಗಿ. ಕುಂದದ ಉದ್ದ ಹಿಡಿಯುವವನ ತೋಳಿಗೆ ಹೊಂದಬೇಕು, ಇಲ್ಲದಿದ್ದರೆ ಗುಂಡು ಹಾರಿಸುವಾಗ ಭುಜಕ್ಕೆ ಪೆಟ್ಟಾಗುತ್ತದೆ ಎಂದು ಹಿಂದೊಮ್ಮೆ ಅವರೇ ಹೇಳಿದ್ದರು. ಗುಂಡು ಹಾರದ ಬಂದೂಕಿಗೆ, ಇಲ್ಲದ ಹುಡುಗನ ತೋಳಿನ ಅಳತೆ. ಮಾತಾಡಿಸದೆ ಹಿಂದಕ್ಕೆ ಬಂದು, ಈರುಳ್ಳಿ ಹೆಚ್ಚುತ್ತಾ ಅತ್ತೆ. ಗಿರಾಕಿಗಳು ಈರುಳ್ಳಿ ಘಾಟು ಎಂದುಕೊಂಡರು.

ಕೊನೆಗೆ ಅಗಸೆ ಎಣ್ಣೆ ತಿಕ್ಕುವ ಕೆಲಸ. ಬಟ್ಟೆಯಲ್ಲಲ್ಲ, ಬರೀ ಅಂಗೈಯಲ್ಲಿ, ಅಂಗೈ ಬಿಸಿಗೆ ಎಣ್ಣೆ ಮರದೊಳಗೆ ಇಳಿಯುವ ತನಕ. ಜಾಲಿ ಕೆಂಪಗೆ, ಹದವಾಗಿ ಕಾಯಿಸಿದ ಬೆಲ್ಲದ ಬಣ್ಣಕ್ಕೆ ತಿರುಗಿತು. ಒಂದು ಕಡೆ ಸಣ್ಣ ಗಂಟಿತ್ತು. ಮರದಿಂದ ಕೊಂಬೆ ಹೊರಟಿದ್ದ ಗುರುತು. ಅದನ್ನು ಮುಚ್ಚದೆ ಹಾಗೇ ಬಿಟ್ಟರು. ಮುತ್ತುರಾಜ್ ಬಂದು ಕೈಯಲ್ಲಿ ಹಿಡಿದು ನೋಡಿ ಆಚಾರಿಯ ಭುಜ ಅದುಮಿದರು.

ಕಲ್ಲು ನಿಲ್ಲಿಸುವ ದಿನ ಆಚಾರಿ ಮಡಿ ಪಂಚೆ ಉಟ್ಟು ಬಂದು ನನ್ನ ಅಂಗಡಿಯ ಎದುರು ನಿಂತರು. "ಹೇಮಕ್ಕ, ನೀವೂ ಬರ್ರೀ. ನಂಗೊಬ್ಬನಿಗೇ ಧೈರ್ಯ ಇಲ್ಲ." ಒಲೆ ಹಚ್ಚಿದ್ದೆ, ಹಿಟ್ಟು ಕಲಸಿದ್ದೆ. ಎಲ್ಲ ಮುಚ್ಚಿಟ್ಟು ಜೀಪು ಹತ್ತಿದೆ. ಹೊನ್ನಾಳಿ, ಹೊಳೆ ದಾಟಿ ಚನ್ನಗಿರಿ ರಸ್ತೆ ಹಿಡಿದೆವು. ಸೂಳೆಕೆರೆಯ ನೀರು ಕಂಡಾಗ, "ಬರ್ತಾಳಾ?" ಎಂದರು. "ಬರ್ತಾಳೆ, ಸುಮ್ನಿರ್ರೀ" ಎಂದೆ. ನನಗೇನು ಗೊತ್ತಿತ್ತು?

ಶಾಲೆಯ ಗೇಟಿನ ಪಕ್ಕದಲ್ಲಿ ಕಪ್ಪು ಕಲ್ಲಿನ ಕಟ್ಟೆ, ಅದರ ಮೇಲೆ ವಿನಯನ ಹೆಸರು. ಮಕ್ಕಳು ಸಾಲಾಗಿ ನಿಂತಿದ್ದರು, ಊರಿನವರು ಸೇರಿದ್ದರು. ಕಾಳಮ್ಮನೂ ಇದ್ದಳು. ದೂರದಲ್ಲಿ, ಹೊಂಗೆ ಮರದ ಕೆಳಗೆ, ಸೆರಗು ತಲೆಯ ಮೇಲೆ ಎಳೆದುಕೊಂಡು, ಗಂಡನ ಪಕ್ಕ ನಿಂತಿದ್ದಳು. ಎಷ್ಟು ಇಳಿದುಹೋಗಿದ್ದಳೆಂದರೆ ನನಗೆ ಮೊದಲು ಗುರುತೇ ಸಿಗಲಿಲ್ಲ. ಆಚಾರಿ ಒಮ್ಮೆ ಆ ಕಡೆ ನೋಡಿದರು. ಆಕೆ ಮುಖ ತಿರುಗಿಸಿದಳು.

ಮುತ್ತುರಾಜ್ ರೈಫಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಕಟ್ಟೆಯ ನಡುವೆ ಅದನ್ನು ನಿಲ್ಲಿಸಲು ಒಂದು ಗುಳಿ ಮಾಡಿದ್ದರು. ಗೂಟ ಬಡಿದು ಬಿಗಿ ಮಾಡುವುದಕ್ಕೆ ಆಚಾರಿ ಕೊಡತಿ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಮುತ್ತುರಾಜ್ ರೈಫಲ್ಲನ್ನು ತಿರುಗಿಸಿ, ನಳಿಗೆ ಕೆಳಗೆ, ಕುಂದ ಮೇಲೆ ಮಾಡಿ ಗುಳಿಗೆ ಇಳಿಸಿದರು. ಸತ್ತ ಸೈನಿಕನಿಗೆ ಹಾಗೇ ತಾನೆ ಮಾಡುವುದು? ಪಟದಲ್ಲಿ ಎಲ್ಲರೂ ನೋಡಿರುತ್ತಾರೆ, ತಲೆಕೆಳಗಾದ ಬಂದೂಕು, ಅದರ ಮೇಲೊಂದು ಟೋಪಿ. ನಾನೂ ನೋಡಿದ್ದೆ. ಎಷ್ಟೋ ವರ್ಷ ಸೈನ್ಯದಲ್ಲಿದ್ದ ಆಚಾರಿ ಕಣ್ಣಾರೆ ಎಷ್ಟು ಸಲ ನೋಡಿರಬೇಕು.

ಆದರೆ ಅವರ ಕೊಡತಿ ಗಾಳಿಯಲ್ಲೇ ನಿಂತಿತು. ಮುಖ ಬಿಳಿಚಿಕೊಂಡಿತು. "ಏನಾತ್ರೀ ಆಚಾರ್ರೇ, ಬಡೀರಿ" ಎಂದರು ಮುತ್ತುರಾಜ್. ಆಚಾರಿ ಬಡಿದರು. ಎದ್ದು ನನ್ನ ಪಕ್ಕ ಬಂದು ನಿಂತು, ಯಾರಿಗೂ ಕೇಳದ ಹಾಗೆ, "ಹೇಮಕ್ಕ, ಬುಡ ಮ್ಯಾಲೆ ಹೋತು" ಎಂದರು. ಆಗ ನನಗೆ ಹೊಳೆಯಿತು. ಕುಂದದ ಕಡೆ ಬುಡ ಇಟ್ಟು ಕೆತ್ತಿದ್ದರು. ಈಗ ಕುಂದವೇ ಆಕಾಶ ನೋಡುತ್ತಿತ್ತು. ಬದುಕಿನಲ್ಲಿ ಒಂದು ಬೆಂಚಿನ ಕಾಲಿಗೂ ಈ ತಪ್ಪು ಮಾಡದವರು, ತಂಗಿಯ ಮಗನ ಕಲ್ಲಿಗೆ ಮಾಡಿಬಿಟ್ಟಿದ್ದರು. "ಸುಮ್ನಿರ್ರೀ, ಯಾರಿಗೆ ಗೊತ್ತಾಗ್ತೈತೆ?" ಎಂದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಟೋಪಿ ಇಟ್ಟರು. ಮಕ್ಕಳು ಹಾಡಿದರು. ಮುತ್ತುರಾಜ್ ಸೆಲ್ಯೂಟ್ ಹೊಡೆದರು. ಆಮೇಲೆ, ತಾಯಿ ಬಂದು ಹೂ ಇಡಬೇಕು ಎಂದರು. ಕಾಳಮ್ಮ ಮರದ ನೆರಳಿನಿಂದ ಹೊರಟಳು. ಜನ ದಾರಿ ಬಿಟ್ಟರು. ಅಣ್ಣ ನಿಂತಿದ್ದ ಕಡೆ ಕಣ್ಣೂ ಹಾಯಿಸದೆ ಬಂದು, ಸೇವಂತಿಗೆ ಹಾರವನ್ನು ಕಲ್ಲಿನ ಮೇಲಿಟ್ಟು, ಮಗನ ಹೆಸರನ್ನು ಬೆರಳಲ್ಲಿ ಮುಟ್ಟಿದಳು. ಆಮೇಲೆ ರೈಫಲ್ಲಿನ ಮರವನ್ನು ಮುಟ್ಟಿದಳು. ಕೈ ಮೇಲಕ್ಕೆ ಹೋಯಿತು, ಆ ಗಂಟಿನ ಹತ್ತಿರ ನಿಂತಿತು. ಎಷ್ಟಾದರೂ ಬಡಗಿಯ ಮಗಳು, ಮರದ ಹೊಟ್ಟು ತುಳಿದು ಬೆಳೆದವಳು. ಕೊಂಬೆ ಯಾವಾಗಲೂ ಮೇಲಕ್ಕೆ ಚಾಚುತ್ತದೆ. ಇಲ್ಲಿ ಗಂಟಿನಿಂದ ಹೊರಟ ಎಳೆ ನೆಲದ ಕಡೆಗೆ ಇಳಿದಿತ್ತು. ಆಕೆ ಬಗ್ಗಿ ನೋಡಿದಳು, ಇನ್ನೊಂದು ಬದಿಗೆ ಹೋಗಿ ನೋಡಿದಳು.

ಕಾಳಮ್ಮ ತಿರುಗಿದಳು.

"ಅಣ್ಣ, ಬುಡ ಮ್ಯಾಲಾಗೈತೆ."

ಪ್ರೀತಿಯ ದನಿಯೇನಲ್ಲ. ಮನೆಯಲ್ಲಿ ಯಾರೋ ಹಾಲು ಉಕ್ಕಿಸಿದಾಗ ರೇಗುತ್ತೇವಲ್ಲ, ಆ ದನಿ. ಬಾಯಿ ತಪ್ಪಿ ಬಂದುಬಿಟ್ಟಿತ್ತು ಎಂದು ಆಕೆಗೇ ಗೊತ್ತಾಯಿತೇನೋ, ತುಟಿ ಕಚ್ಚಿಕೊಂಡಳು. ಆದರೆ ಅಣ್ಣ ಎಂದಿದ್ದು ಎಲ್ಲರಿಗೂ ಕೇಳಿಸಿತ್ತು.

ಆಚಾರಿ ಮುಂದೆ ಹೋದರು. "ಹೌದವ್ವ. ನಂದೇ ತಪ್ಪು. ಅವ್ನು ಹಿಡ್ಕಂಡು ನಿಂತಿರ್ತಾನಲ್ಲ, ಕುಂದ ಕಾಲ ಹತ್ರ ಊರಿ, ಎದೆ ಸೆಟೆಸಿ... ಹಂಗೇ ಮನಸ್ನಾಗೆ ಇಟ್ಕಂಡು ಮಾಡಿದ್ನವ್ವ. ಹಿಂಗೆ ತಲೆಕೆಳಗು ನಿಲ್ಲಿಸ್ತಾರೆ ಅಂಬೋದು ನೆಪ್ಪಿಗೇ ಬರ್ಲಿಲ್ಲ. ಅವ್ನು ಇಲ್ಲ ಅಂಬೋದೇ ನೆಪ್ಪಿರಲಿಲ್ಲ ನಂಗೆ." ಸೊಂಟದಲ್ಲಿದ್ದ ಸ್ಕ್ರೂ ಡ್ರೈವರ್ ತೆಗೆದು, ಟೋಪಿಗೆ ಕೈ ಹಾಕಿದರು. "ಬಿಚ್ತೀನಿ. ಬ್ಯಾರೆ ಮರ ತರ್ತೀನಿ. ಹಿಂಗೆ ಬಿಡಂಗಿಲ್ಲ."

"ಆಚಾರ್ರೇ, ಏನ್ ಮಾಡ್ತಿದೀರಿ? ಜನ ಸೇರ್ಯಾರೆ" ಎಂದು ಮುತ್ತುರಾಜ್ ಮುಂದೆ ಬಂದರು. ನಾನು ಅವರ ತೋಳು ಹಿಡಿದು ಹಿಂದಕ್ಕೆ ಎಳೆದೆ. "ನೀವು ಸುಮ್ನಿರ್ರೀ ಸುಬೇದಾರ್ರೇ. ಅಣ್ಣ ತಂಗಿ ಮಾತಾಡ್ತಿದಾರೆ."

ಕಾಳಮ್ಮ ಅಣ್ಣನ ಮಣಿಕಟ್ಟು ಹಿಡಿದಳು. "ಬ್ಯಾಡ. ಬಿಡು ಅದ್ನ."

"ಹಿಂಗಿರಬಾರದವ್ವ, ಮನೆಗೆ ಆಗಿಬರಂಗಿಲ್ಲ."

"ಯಾವ ಮನೆಗೆ?" ಎಂದಳು. "ಹಡೆದೋಳು ನಿಂತು ಮಗನ ಕಲ್ಲಿಗೆ ಹೂ ಇಡ್ತಿದೀನಲ್ಲಣ್ಣ. ಇದ್ಕಿಂತ ಬುಡಮೇಲು ಇನ್ನೇನೈತೆ? ಇರ್ಲಿ ಬಿಡು ಹಂಗೇ. ಕಟ್ಟಿಗೆ ಒಂದು ನೆಟ್ಟಗೆ ನಿಂತು ಏನಾಗ್ಬೇಕೈತೆ?"

ಪೆಟ್ಟಿಗೆ ಬಂದ ದಿನವೂ ಅಳದವಳು ಆಗ ಅತ್ತಳು. ಅಳುತ್ತಲೇ ಅಣ್ಣನ ಎದೆಗೆ ಮುಷ್ಟಿಯಲ್ಲಿ ಗುದ್ದಿದಳು. "ಯಾಕೆ ಕಳಿಸ್ದೆ ಅವ್ನ? ಬ್ಯಾಡ ಅಂತ ಅಷ್ಟು ದೂರದಿಂದ ಬಂದು ಕೇಳಿದ್ನಲ್ಲ, ಯಾಕೆ ಕಳಿಸ್ದೆ?" ಆಚಾರಿ ಗುದ್ದಿಸಿಕೊಳ್ಳುತ್ತಾ ನಿಂತರು. ಅವರ ಮಡಿ ಅಂಗಿಯ ಗುಂಡಿ ಕಿತ್ತು ಬಿತ್ತು. ಆಕೆಯ ಗಂಡ ಬಿಡಿಸಲು ಬಂದವನು, ಏನು ತೋಚಿತೋ, ಅಲ್ಲೇ ನಿಂತುಬಿಟ್ಟ. ನಾನಂತೂ ಸೆರಗು ಬಾಯಿಗೆ ತುರುಕಿಕೊಂಡಿದ್ದೆ.

"ತಪ್ಪಾತವ್ವ" ಎಂದರು ಆಚಾರಿ. "ತಪ್ಪಾತು."

"ತಪ್ಪಾತು ಅಂದ್ರೆ ಮುಗೀತಾ? ನಾನು ಬಿಡಂಗಿಲ್ಲ ನಿನ್ನ. ಕೇಳ್ತೀನಿ. ಸಾಯೋ ತಂಕ ಕೇಳ್ತೀನಿ." ಉಸಿರು ಎಳೆದುಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡಳು. "ನಡಿ ಮನೆಗೆ. ಇಲ್ಲಿ ಜನದ ಮುಂದೆ ಬ್ಯಾಡ. ಮನ್ಯಾಗೆ ಕುಂತ್ಕಂಡು ಕೇಳ್ತೀನಿ."

ಆಚಾರಿ ಕೊಡತಿಯನ್ನೂ ಮರೆತು ಆಕೆಯ ಹಿಂದೆ ಹೊರಟರು. ಕೆರೆ ಏರಿಯ ದಾರಿಯಲ್ಲಿ ಆಕೆ ಮುಂದೆ ಮುಂದೆ, ಇವರು ಹಿಂದೆ ಹಿಂದೆ. ಬೈಯುವ ದನಿ ನಮಗೆ ಬಹಳ ದೂರದ ತನಕ ಕೇಳಿಸುತ್ತಿತ್ತು. ಜೀಪಿನಲ್ಲಿ ನಾನು, ಮುತ್ತುರಾಜ್ ಇಬ್ಬರೇ ವಾಪಸ್ ಬಂದೆವು.

ಆ ಮರ ಇವತ್ತಿಗೂ ಅಲ್ಲಿ ಬುಡಮೇಲಾಗಿಯೇ ನಿಂತಿದೆ. ಆಚಾರಿ ಭಾನುವಾರ ಬಂತೆಂದರೆ ಅಂಗಡಿಗೆ ಬೀಗ ಹಾಕಿ ಬೆಳಗಿನ ಬಸ್ಸಿಗೇ ಹೋಗಿಬಿಡುತ್ತಾರೆ, ಸಂಜೆ ಕಣ್ಣು ಕೆಂಪಗೆ ಮಾಡಿಕೊಂಡು, ಕೈಯಲ್ಲಿ ರೊಟ್ಟಿ ಗಂಟು ಹಿಡಿದು ಬರುತ್ತಾರೆ. ಬಾಗಿಲು, ಕಿಟಕಿ ಎಂದು ಬಂದವರು ಬೀಗ ನೋಡಿ, "ಆಚಾರ್ರು ಎಲ್ಲಿಗೆ ಹೋಗ್ಯಾರ್ರೀ?" ಎಂದು ನನ್ನ ತಲೆ ತಿನ್ನುತ್ತಾರೆ.

"ತಂಗಿ ಹತ್ರ ಬೈಸ್ಕಳಾಕೆ ಹೋಗ್ಯಾರೆ. ನಾಳೆ ಬರ್ರೀ" ಎನ್ನುತ್ತೇನೆ.